ಮೈನಸ್ ಇಪ್ಪತ್ತಾರು ನಿಮಿಷ

ಭಾಮಾಳಿಗೆ ಮನುಷ್ಯರ ಮೇಲೆ ನಂಬಿಕೆ ಕಡಿಮೆ, ಲೆಕ್ಕದ ಮೇಲೆ ಜಾಸ್ತಿ. ಸೇಲಂ ಕೋಟೆ ಬೀದಿಯ ಮನೆಯಲ್ಲಿ, ಅಡುಗೆಮನೆಗೂ ಹಾಲಿಗೂ ನಡುವೆ ಒಂದು ಮೇಜು ಹಾಕಿಕೊಂಡು, ಇಪ್ಪತ್ತೆರಡು ವರ್ಷದಿಂದ ಸುತ್ತಲಿನ ಸಣ್ಣ ಕಾರ್ಖಾನೆಗಳಿಗೆ ಕಂಪ್ಯೂಟರ್ ಪ್ರೋಗ್ರಾಂ ಬರೆದುಕೊಡುತ್ತಿದ್ದಳು. ಜೊತೆಗೆ ಓದಿದವರು ಬ್ಯಾಂಕು ಸೇರಿ ಫ್ಯಾನಿನ ಕೆಳಗೆ ಕೂತರು. ಇವಳ ಪಾಲಿಗೆ ಬಂದದ್ದು ಮಗ್ಗದ ಶೆಡ್ಡು, ಕೋಳಿ ಫಾರಂ, ಸಬ್ಬಕ್ಕಿ ಕಾರ್ಖಾನೆ. ಎಲ್ಲಿ ಏನು ಕೆಟ್ಟರೂ ‘ಪ್ರೋಗ್ರಾಂ ಸರಿಯಿಲ್ಲ’ ಎಂದು ಇವಳಿಗೇ ಫೋನು. ಒಮ್ಮೆ ಹಾಗೆ ಕೂಗಾಡಿ ಕರೆಸಿಕೊಂಡವರು ಪ್ಲಗ್ಗನ್ನೇ ಹಾಕಿರಲಿಲ್ಲ. ಅಂದಿನಿಂದ ಫೋನು ಎತ್ತಿದೊಡನೆ ಅವಳು ಕೇಳುವ ಮೊದಲ ಮಾತು, “ಪ್ಲಗ್ ಇದೆಯಾ?”

ಮೇಚೇರಿ ಹತ್ತಿರದ ಸಬ್ಬಕ್ಕಿ ಕಾರ್ಖಾನೆಯಲ್ಲಿ ಪ್ಲಗ್ ಇತ್ತು. ಆದರೆ ಅಲ್ಲಿ ಹೊತ್ತು ಹಿಂದಕ್ಕೆ ಓಡುತ್ತಿತ್ತು.

ವಿಷಯ ಇಷ್ಟೇ. ಹಸಿ ಸಬ್ಬಕ್ಕಿಯನ್ನು ಕಾದ ತಗಡಿನ ಮೇಲೆ ಸುರಿದು, ಒಂಬತ್ತು ನಿಮಿಷ ತಿರುವುತ್ತ ಹುರಿಯಬೇಕು. ಕಡಿಮೆಯಾದರೆ ಅಂಟು, ಹೆಚ್ಚಾದರೆ ಕೆಂಪು. ಹದಿನಾಲ್ಕು ವರ್ಷದಿಂದ ಆ ಒಲೆಯ ಮುಂದೆ ನಿಂತವಳು ಮಾರಕ್ಕ, ಕನ್ನಡ ಮಾತಿನ, ಕುರಿ ಸಾಕುವವರ ಮನೆಯ ಹೆಂಗಸು. ಕಾರ್ಖಾನೆಯ ಮಾಲೀಕರಿಗೆ, ಎಲ್ಲರೂ ಮುದಲಾಳಿ ಎನ್ನುವ ಆ ದೊಡ್ಡ ಮನುಷ್ಯರಿಗೆ, ಹುರಿಯುವ ಹೊತ್ತೂ ಕಂಪ್ಯೂಟರಿನಲ್ಲಿ ಕಾಣಬೇಕೆಂಬ ಆಸೆ ಹುಟ್ಟಿತು. ಭಾಮಾ ಒಲೆಯ ಪಕ್ಕ ಎರಡು ಬಟನ್ ಹಾಕಿಸಿದಳು. ಸುರಿದಾಗ ಹಸಿರು, ತೆಗೆದಾಗ ಕೆಂಪು. ಆಫೀಸಿನ ಕಂಪ್ಯೂಟರು ತನ್ನ ಗಡಿಯಾರ ನೋಡಿ ಎರಡೂ ಹೊತ್ತನ್ನು ಬರೆದುಕೊಂಡು, ಒಂದರಿಂದ ಒಂದನ್ನು ಕಳೆಯುತ್ತದೆ. ಮೂರನೇ ಕ್ಲಾಸಿನ ಲೆಕ್ಕ.

ಆ ಮೂರನೇ ಕ್ಲಾಸಿನ ಲೆಕ್ಕ ದಿನಕ್ಕೊಂದು ಸಲ ಕೆಡತೊಡಗಿತು. ಒಂದು ಶುಕ್ರವಾರ ಒಂದು ಸುತ್ತು ಹುರಿಯಲು ಹಿಡಿದ ಹೊತ್ತು ಮೈನಸ್ ಇಪ್ಪತ್ತಾರು ನಿಮಿಷ. ಅದರ ಬೆನ್ನಿಗೇ ಬಂದ ಸುತ್ತಿಗೆ ನಲವತ್ತನಾಲ್ಕು. “ಮೈನಸ್ಸಾ? ಸುರಿಯೋಕೆ ಮುಂಚೇನೇ ಹುರಿದುಬಿಟ್ಟಳಾ?” ಎಂದು ಮುದಲಾಳಿ ತಮಿಳಿನಲ್ಲಿ ಹೇಳಿ ನಕ್ಕರು. ಮೂರನೇ ದಿನ ನಗಲಿಲ್ಲ. ಓದು ಬಾರದವಳು, ಬಟನ್ ಅದಲುಬದಲು ಒತ್ತುತ್ತಾಳೆ ಎಂದು ಅವರೇ ತೀರ್ಮಾನಿಸಿದರು. ಎರಡು ವಾರವಾದರೂ ಸರಿಹೋಗದಾಗ, ಬರುವ ಸೋಮವಾರದಿಂದ ಒಲೆಗೆ ಇನ್ನೊಬ್ಬ ಕೆಲಸದವಳು ಕಲೈವಾಣಿ ನಿಲ್ಲಲಿ, ಮಾರಕ್ಕ ಅಂಗಳದ ಬಿಸಿಲಲ್ಲಿ ಮರಗೆಣಸು ಸುಲಿಯಲಿ ಎಂದರು.

ಭಾಮಾ ನಾಲ್ಕು ಸಲ ಬಸ್ಸು ಹತ್ತಿ ಹೋಗಿಬಂದಳು. ಬಟನ್ ಬದಲಿಸಿದಳು, ವೈರು ಬದಲಿಸಿದಳು, ಕರೆಂಟನ್ನು ಬೈದಳು, ಇಲಿಯನ್ನೂ ಬೈದಳು. ಕೊನೆಗೆ ಒಲೆಯ ಹತ್ತಿರವೇ ಹೋಗಿ ಕೇಳಿದಳು.

“ಮಾರಕ್ಕಾ, ನಿಜ ಹೇಳಿ. ಕೆಂಪನ್ನ ಮೊದಲು ಒತ್ತಿಬಿಡ್ತೀರಾ?”

“ಅಯ್ಯೋ ಭಾಮಮ್ಮ, ನಂಗೆ ಓದಾಕ್ ಬರಾಕಿಲ್ಲ ನಿಜ, ಬಣ್ಣಾನೂ ಕಾಣಾಕಿಲ್ವಾ? ನಾನು ತಿರುವು ಎಣಿಸ್ತೀನಿ. ಇನ್ನೂರಾ ಎಪ್ಪತ್ತು ತಿರುವು. ಒಂದು ಕಮ್ಮಿ ಇಲ್ಲ, ಒಂದು ಜಾಸ್ತಿ ಇಲ್ಲ. ನಿಮ್ ಮಿಶಿನ್‌ಗೇ ಏನೋ ಆಗೈತೆ.”

ಭಾಮಾ ತಲೆಯಾಡಿಸಿದಳು; ನಂಬಲಿಲ್ಲ. ಮುಚ್ಚಿಟ್ಟು ಪ್ರಯೋಜನವಿಲ್ಲ, ಹೇಳಿಯೇಬಿಡಬೇಕು: ಆಫೀಸಿಗೆ ಹೋಗಿ “ಪ್ರೋಗ್ರಾಂನಲ್ಲಿ ಏನೂ ತಪ್ಪಿಲ್ಲ” ಎಂದು ಮುದಲಾಳಿಗೆ ಹೇಳಿದವಳು ಅವಳೇ. ಮಾರಕ್ಕ ಬಿಸಿಲಿಗೆ ಬೀಳುವುದು ಆ ಒಂದು ಮಾತಿನಿಂದ ಗಟ್ಟಿಯಾಯಿತು.

ಮನೆಗೆ ಬಂದ ಮೇಲೆ ಆ ಮಾತು ಅವಳನ್ನು ಸುಮ್ಮನೆ ಕೂರಲು ಬಿಡಲಿಲ್ಲ. ಸಂಜೆ ಕಾಫಿ ಕುಡಿಯುತ್ತ ಆ ಶುಕ್ರವಾರದ ಎರಡು ಸುತ್ತನ್ನೂ ಕೂಡಿಸಿ ನೋಡಿದಳು. ಹದಿನೆಂಟು ಬಂತು. ಎರಡು ಒಂಬತ್ತು! ಅಂದರೆ ಹೊತ್ತು ಎಲ್ಲೂ ಹೋಗಿಲ್ಲ. ಯಾರೋ ಮೂವತ್ತೈದು ನಿಮಿಷ ಎತ್ತಿಕೊಂಡು, ಆಮೇಲೆ ವಾಪಸು ಕೊಟ್ಟಿದ್ದಾರೆ. ಬಟನ್ ತಪ್ಪಿದರೆ ಹೀಗಾಗುವುದಿಲ್ಲ. ಆದರೆ ಸೋಮವಾರ ಎಂಟರ ಸುಮಾರಿಗೆ, ಗುರುವಾರ ಎರಡಕ್ಕೆ, ಶುಕ್ರವಾರ ಹನ್ನೊಂದಕ್ಕೆ ಕೆಡುವುದೇಕೆ? ಯಂತ್ರಕ್ಕೆ ವಾರ ತಿಳಿಯುತ್ತದೆಯೇ? ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಮರುದಿನ ಶನಿವಾರ. ಒಂಬತ್ತೂಕಾಲರ ಬಸ್ಸಿಗೆ ಹೊರಟರೆ ಕಂಪ್ಯೂಟರ್ ಚೀಲವೇ ಇಲ್ಲ.

“ಎಂಟೂಮುಕ್ಕಾಲಿಗೇ ಪಕ್ಕದ ಮನೆ ಜಗಲಿ ಮೇಲೆ ಇಟ್ಟು ಬಂದೆ ಕಣೆ,” ಎಂದರು ಅತ್ತೆ. “ಒಂಬತ್ತಕ್ಕೆ ರಾಹುಕಾಲ ಶುರು. ಚೀಲ ಮೊದಲೇ ಹೊರಟಿತಲ್ಲ, ನೀನೂ ಆವಾಗಲೇ ಹೊರಟ ಲೆಕ್ಕ. ಇನ್ನು ಯಾವಾಗ ಬೇಕಾದ್ರೂ ಹೋಗು.”

“ಅಲ್ಲ ಅತ್ತೆ, ರಾಹುವೇನು ಕುರುಡನಾ, ಚೀಲ ನೋಡಿ ಮೋಸ ಹೋಗೋಕೆ...” ಎಂದು ರೇಗಲು ಹೊರಟವಳು ಅಲ್ಲಿಗೇ ನಿಂತಳು. ಗೋಡೆಯ ಕ್ಯಾಲೆಂಡರಿನ ಹತ್ತಿರ ಓಡಿದಳು. ಸೋಮವಾರ ರಾಹುಕಾಲ ಏಳೂವರೆಯಿಂದ ಒಂಬತ್ತು. ಗುರುವಾರ ಒಂದೂವರೆಯಿಂದ ಮೂರು. ಶುಕ್ರವಾರ ಹತ್ತೂವರೆಯಿಂದ ಹನ್ನೆರಡು. ಕೆಟ್ಟ ಲೆಕ್ಕವೆಲ್ಲ ಆ ಒಂದೂವರೆ ಗಂಟೆಯೊಳಗೇ ಕೂತಿತ್ತು.

ಕಾರ್ಖಾನೆಯ ಆಫೀಸಿನಲ್ಲಿ ಕೂರುವ ಗುಮಾಸ್ತ ಕಣ್ಣನ್. ಅವನು ಏನನ್ನೂ ಬಚ್ಚಿಡಲಿಲ್ಲ. “ಅದುಕ್ಕೆನ್ನ ಮೇಡಂ?” ಅದಕ್ಕೇನೀಗ ಎಂಬಂತೆ ತಮಿಳಿನಲ್ಲೇ ವಿವರಿಸಿದ. ಲಾರಿ ಹೊರಡುವಾಗ ಗೇಟ್ ಪಾಸಿನ ಮೇಲೆ ಹೊತ್ತು ಅಚ್ಚಾಗುತ್ತದೆ. ರಾಹುಕಾಲದ ಹೊತ್ತಿದ್ದರೆ ಮುದಲಾಳಿ ಲಾರಿ ಬಿಡುವುದಿಲ್ಲ. ಅದಕ್ಕೇ ಕಂಪ್ಯೂಟರಿನ ಗಡಿಯಾರವನ್ನು ರಾಹುಕಾಲ ಶುರುವಾಗುವ ಮುಂಚಿನ ಹೊತ್ತಿಗೆ ಹಿಂದಕ್ಕೆ ತಿರುಗಿಸಿ, ಪಾಸು ತೆಗೆದು, ಮತ್ತೆ ಮುಂದಕ್ಕೆ ಇಡುತ್ತಾನೆ. “ಮುದಲಾಳಿಯೇ ಹೇಳಿಕೊಟ್ಟದ್ದು.” ಎದುರು ಕುರ್ಚಿಯಲ್ಲಿದ್ದ ಮುದಲಾಳಿ ಕೆಮ್ಮಿ ಕಿಟಕಿಯ ಕಡೆ ನೋಡಿದರು.

ಭಾಮಾಳಿಗೆ ಇಬ್ಬರ ಮೇಲೂ ಉರಿದುಹೋಯಿತು. ಆದರೆ ಆ ಸಿಟ್ಟು ಹೆಚ್ಚು ಹೊತ್ತು ಅವರ ಮೇಲೆ ನಿಲ್ಲಲಿಲ್ಲ, ತಿರುಗಿ ತನ್ನ ಮೇಲೇ ಬಂತು. ಎಷ್ಟು ಗಂಟೆ ಎಂದು ಕೇಳುವುದು ಬೇರೆ, ಎಷ್ಟು ಹೊತ್ತಾಯಿತು ಎಂದು ಕೇಳುವುದು ಬೇರೆ. ಗೋಡೆ ಗಡಿಯಾರದಂಥದನ್ನು ಯಾರು ಬೇಕಾದರೂ ತಿರುಗಿಸಬಹುದು. ಆದರೆ ಕಂಪ್ಯೂಟರಿನೊಳಗೆ ಇನ್ನೊಂದು ಎಣಿಕೆ ಇದೆ; ಆನ್ ಮಾಡಿದ ಕ್ಷಣದಿಂದ ಒಂದು, ಎರಡು, ಮೂರು ಎಂದು ಮುಂದಕ್ಕೆ ಮಾತ್ರ ಹೋಗುವ ಎಣಿಕೆ. ಹಿಡಿದ ಹೊತ್ತನ್ನು ಅಳೆಯಬೇಕಾದದ್ದು ಅದರಿಂದ. ಇದು ಅವಳಿಗೆ ಇಪ್ಪತ್ತೆರಡು ವರ್ಷದಿಂದ ಗೊತ್ತು. ಬೇಗ ಮುಗಿಯಲಿ ಎಂದು ಗಡಿಯಾರವನ್ನೇ ಹಿಡಿದಿದ್ದಳು. ಮಾರಕ್ಕ ತಿರುವು ಎಣಿಸಿ ಮಾಡಿದ್ದು ಸರಿಯಾದ ಲೆಕ್ಕ, ತಾನು ಬರೆದದ್ದು ತಪ್ಪು ಲೆಕ್ಕ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಿಗೆ ಬಿದ್ದಿತ್ತು.

ಬದಲಿಸಿದ್ದು ಎರಡೇ ಸಾಲು. ಆಮೇಲೆ ಮಾರಕ್ಕ ಹುರಿಯುತ್ತಿರುವಾಗಲೇ, ಮುದಲಾಳಿಯ ಕಣ್ಣೆದುರು, ಕಣ್ಣನ್ ಕೈಯಿಂದಲೇ ಗಡಿಯಾರ ಹಿಂದಕ್ಕೆ ಇಡಿಸಿದಳು. ಪರದೆಯ ಮೇಲೆ ಒಂಬತ್ತು ನಿಮಿಷ, ಎರಡು ಸೆಕೆಂಡು.

“ಸರಿ, ಅವಳೇ ಇರಲಿ,” ಎಂದರು ಮುದಲಾಳಿ. ಅಷ್ಟೇ. ಫೋನು ಬಂತೆಂದು ಎದ್ದು ಹೋದರು.

ಭಾಮಾ ಒಲೆಯ ಹತ್ತಿರ ಬಂದಳು. “ಮಾರಕ್ಕಾ, ತಪ್ಪು ನಿಮ್ಮದಲ್ಲ, ನಂದು. ಕಣ್ಣನ್ ಗಡಿಯಾರ ಹಿಂದಕ್ಕೆ ತಿರುಗಿಸ್ತಿದ್ದ. ನಾನು ಅದನ್ನ ನಂಬಿದೆ, ನಿಮ್ಮನ್ನ ನಂಬಲಿಲ್ಲ. ನೀವೇ ಒಲೆ ಮುಂದೆ ಇರ್ತೀರಂತೆ.”

ಮಾರಕ್ಕನ ತುಟಿ ಎಣಿಸುತ್ತಿತ್ತು. ಅವಳು ಎಣಿಕೆ ನಿಲ್ಲಿಸಲಿಲ್ಲ. ಭಾಮಾ ಹೊಗೆಯಲ್ಲಿ ಕಣ್ಣು ಒರೆಸಿಕೊಳ್ಳುತ್ತ ಕಾದಳು. ಇನ್ನೂರ ಎಪ್ಪತ್ತು ಮುಗಿದ ಮೇಲೆ ಮಾರಕ್ಕ ಸಬ್ಬಕ್ಕಿ ಬಾಚಿ ತೆಗೆದು, ಕೆಂಪು ಬಟನ್ ಒತ್ತಿ, ಸೆರಗಿನಿಂದ ಮುಖ ಒರೆಸಿಕೊಂಡಳು.

“ಅವ್ನು ತಿರುಗಿಸ್ದ, ನೀವು ಸರಿ ಮಾಡಿದ್ರಿ. ಓಗ್ಲಿ, ಪರವಾಯಿಲ್ಲೆ. ಆದ್ರೆ ಅದಿನೇಳು ದಿನ ಈ ಉಡುಗೀರೆಲ್ಲ ನನ್ನ ‘ಮೈನಸ್ ಅಕ್ಕಾ’ ಅಂತ ಕೂಗಿ ನಗಾಡಿದ್ರಲ್ಲ ಭಾಮಮ್ಮ, ಆ ಅದಿನೇಳು ದಿನಾನ ಇಂದಕ್ಕೆ ತಿರುಗಿಸಾಕ್ ಆ ಕಣ್ಣನ್ ಕೈಲಿ ಆಗ್ತೈತಾ, ಕೇಳಿ.”

ಮಾರಕ್ಕ ಮುಂದಿನ ಬುಟ್ಟಿ ಸುರಿದು ಹಸಿರು ಬಟನ್ ಒತ್ತಿದಳು. ಒಂದು, ಎರಡು, ಮೂರು.