ಊರಿಗೆ ಹೋದ ಬ್ಯಾಂಡಿನ ಕ್ಯಾಸೆಟ್

೧೯೯೪ರ ಮಾತು. ನಾನು ಆಗ ಕತಾರಿನ ದೋಹಾದಲ್ಲಿ ಅಕೌಂಟೆಂಟ್. ಹೆಂಡತಿ ಸುಮತಿ ಉಡುಪಿಯಲ್ಲಿ. ನಾನು ವಿಮಾನ ಹತ್ತಿದಾಗ ಹೊಟ್ಟೆಯಲ್ಲಿದ್ದ ಮಗಳು ಶ್ವೇತಾ ಆಗಲೇ ಓಡಾಡುತ್ತಿದ್ದಳು. ಅವಳನ್ನು ಫೋಟೋದಲ್ಲಿ ಮಾತ್ರ ನೋಡಿದ್ದೆ.

ನನಗಿದ್ದ ಒಂದೇ ಹುಚ್ಚು ನಮ್ಮ ರಾಕ್ ಬ್ಯಾಂಡು. ಊರಲ್ಲಿ ಹುಲಿವೇಷಕ್ಕೆ ತಾಸೆ ಬಡಿದಿದ್ದ ನಾನು ಇಲ್ಲಿ ಡ್ರಮ್ಸ್‌ಗೆ ಕುಳಿತಿದ್ದೆ. ಶುಕ್ರವಾರ ರಜೆ. ಎಣ್ಣೆಬಾವಿಗಳ ಊರು ದುಖಾನ್‌ನಲ್ಲಿದ್ದ ಗೋವಾದ ಗೆಳೆಯ ಆಂಟನಿಯ ಕ್ವಾರ್ಟರ್ಸಿಗೆ ಹೋಗಿ ಅವನ ಗ್ಯಾರೇಜಿನಲ್ಲಿ ಬಾರಿಸುತ್ತಿದ್ದೆವು. ಹಾಡುಗಾರ ಫಿಲಿಪೀನ್ಸಿನ ರಾಮೋನ್. ಕಣ್ಣಿಗೆ ಕಾಡಿಗೆ, ಮೈಮೇಲೆ ಮಿರಮಿರ ಮಿಂಚುವ ಅಂಗಿ. ಆಂಟನಿಯ ಬಾಸ್ ಗಿಟಾರ್ ಮಾತ್ರ ಮುನಿಸಿಕೊಂಡವರ ಹಾಗೆ ಒಂದೇ ಸಮನೆ ಗೊಣಗುತ್ತಿತ್ತು. ಹಾಡು ಬರೆಯುವವರೂ ನಾವೇ, ಕೇಳುವವರೂ ನಾವೇ!

ಆಗೆಲ್ಲ ನಾವು ಮಾತನ್ನು ಕ್ಯಾಸೆಟ್ಟಿಗೆ ತುಂಬಿ, ಊರಿಗೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದೆವು. ಮಗಳು ನನ್ನ ದನಿಯನ್ನಾದರೂ ಗುರುತು ಹಿಡಿಯಲಿ ಎಂದು ಕಥೆ, ಲಾಲಿ ಎಲ್ಲ ತುಂಬಿದೆ. ಆದರೆ ಗಡಿಬಿಡಿಯಲ್ಲಿ ಕೊಟ್ಟು ಕಳಿಸಿದ್ದು ನಮ್ಮ ಹಾಡು ತುಂಬಿದ್ದ ಬ್ಯಾಂಡಿನ ಕ್ಯಾಸೆಟ್. ಮುಂದಿನ ಶುಕ್ರವಾರ ಗ್ಯಾರೇಜಿನಲ್ಲಿ ಟೇಪ್ ಹಾಕಿದರೆ ನನ್ನದೇ ಲಾಲಿ! "ಖಲಾಸ್!" ಎಂದು ರಾಮೋನ್ ಬಿದ್ದು ಬಿದ್ದು ನಕ್ಕ. ನನಗೆ ಅಳುವೇ ಬಂತು.

ಊರಿನ ಪಕ್ಕದ ಮನೆಗೆ ಫೋನ್ ಮಾಡಿ ಸುಮತಿಯನ್ನು ಕರೆಸಿದೆ.

"ಎಂತ ಮಾರಾಯ್ರೆ ಅದು ಗಲಾಟೆ? ನಿಮ್ಮ ಮಾತೇ ಇಲ್ಲ."

"ಉಂಟು. ಹಾಡು ಶುರುವಾಗುವ ಮೊದಲು ಒನ್, ಟೂ, ತ್ರೀ, ಫೋರ್ ಅಂತ ಹೇಳುವುದು ನಾನೇ."

"ಅಷ್ಟಾದ್ರೂ ಉಂಟಲ್ಲ" ಎಂದಳು.

ಲಾಲಿಯ ಕ್ಯಾಸೆಟ್ ಒಯ್ಯುವವರು ಸಿಗುವ ಮೊದಲೇ ನನಗೆ ರಜೆ ಸಿಕ್ಕಿತು. ಮನೆ ತಲುಪಿದರೆ ಶ್ವೇತಾ ಅಮ್ಮನ ಸೆರಗಿನ ಹಿಂದೆ. ಗೊಂಬೆ ತೋರಿಸಿದೆ, ಚಾಕಲೇಟ್ ತೋರಿಸಿದೆ. ಹತ್ತಿರ ಹೋದಷ್ಟೂ ಅವಳ ಅಳು ಜೋರಾಯಿತು. ಸೋತು ಹೋಗಿ ಸೂಟ್‌ಕೇಸಿನ ಪಕ್ಕದಲ್ಲೇ ಕುಳಿತುಬಿಟ್ಟೆ.

"ಆ ಕ್ಯಾಸೆಟ್ ದಿನಾ ಕೇಳ್ತಾಳೆ. ಒಮ್ಮೆ ಅದರ ಎಣಿಕೆ ಹೇಳಿ ನೋಡಿ" ಎಂದಳು ಸುಮತಿ ಮೆಲ್ಲಗೆ.

ಸೂಟ್‌ಕೇಸನ್ನು ಬೆರಳಿನಿಂದ ಬಡಿಯುತ್ತಾ, "ಒನ್, ಟೂ, ತ್ರೀ..." ಎಂದೆ.

ಸೆರಗಿನ ಹಿಂದಿನಿಂದ ಪುಟ್ಟ ದನಿ ಬಂತು: "ಪೋರ್!"

ಹಿಂದೆಯೇ ಮುಖವೂ ಬಂತು. ಓಡಿ ಬಂದವಳು ನನ್ನ ಜೊತೆ ಸೂಟ್‌ಕೇಸ್ ಬಡಿಯತೊಡಗಿದಳು.

ರಜೆ ಮುಗಿಸಿ ಮರಳಿದ ಮೊದಲ ಶುಕ್ರವಾರ, ದುಖಾನ್‌ನ ಆ ಗ್ಯಾರೇಜಿನಲ್ಲಿ ಕೋಲು ಎತ್ತಿ ಮೂರರವರೆಗೆ ಎಣಿಸಿ ನಿಂತುಬಿಟ್ಟೆ. "ಯಲ್ಲಾ, ಭಾಯ್!" ಎಂದು ಅವಸರಪಡಿಸಿದ ಆಂಟನಿ. ನಾಲ್ಕು ಹೇಳುವವಳು ಉಡುಪಿಯಲ್ಲಿದ್ದಳು. ಮಗಳಿಗೆ ಈಗ ಮದುವೆಯಾಗಿದೆ. ಎಲ್ಲಾದರೂ ಡ್ರಮ್ಸ್ ಶುರುವಾಗುವಾಗ ಆ ಎಣಿಕೆ ಕೇಳಿದರೆ, ಮೂರಾದ ಮೇಲೆ ನಾನು ಈಗಲೂ ಆ ದನಿಗೆ ಕಾಯುತ್ತೇನೆ.