ಅತ್ತಿಯ ಮೊಣಕಾಲು ಮತ್ತು ಇದ್ದಿಲು ಶೆಗಡಿ

ನನ್ನನ್ನು ಪುಣೆಯಲ್ಲಿ ಉಳಿಸಿದ್ದು ನನ್ನ ರೊಟ್ಟಿ ಅಲ್ಲ, ನನ್ನ ಅತ್ತಿಯ ಮೊಣಕಾಲು. ಈಗ ಮನೆಯಲ್ಲಿ ಬೇರೆ ಕತೆ ಹೇಳುತ್ತಾರೆ, ಸೊಸಿಯ ಕೈರುಚಿಗೆ ಅತ್ತಿ ಸೋತರು ಅಂತ. ಸುಳ್ಳು. ಆ ರೊಟ್ಟಿ ನಾನೂ ತಿಂದೇನಿ. ಚಲೋ ಇರಲಿಲ್ಲ.

ಆಗ ದೊಡ್ಡ ಯುದ್ಧ ನಡೆದಿತ್ತು. ನನ್ನ ಗಂಡನಿಗೆ ಇಲ್ಲಿಯ ಮಿಲಿಟರಿ ಆಫೀಸಿನಲ್ಲಿ ಕಾರಕೂನಿಕೆ ಸಿಕ್ಕಿತ್ತು. ನಮ್ಮ ಕಡೆಯ ಗಂಡಸರು ಹಾಗೆ ಬಂದರೆ ಖಾನಾವಳಿಯಲ್ಲಿ ಉಣ್ಣುತ್ತಿದ್ದರು, ಹೆಂಡತಿ ಧಾರವಾಡದಲ್ಲೇ ಇರುತ್ತಿದ್ದಳು. ಇವರಿಗೆ ಖಾನಾವಳಿ ಊಟ ಹೊಟ್ಟೆಗೆ ಹತ್ತಲಿಲ್ಲ, ಅದಕ್ಕೆ ನನ್ನನ್ನು ಕರೆಸಿಕೊಂಡರು. ಹನ್ನೊಂದು ಮಂದಿಯ ಮನೆ ಬಿಟ್ಟು ಇಬ್ಬರ ಖೋಲಿಗೆ ಬಂದಿದ್ದೆ. ತಿರುಗಿ ಹೋಗುವ ಮನಸ್ಸು ಎಳ್ಳಷ್ಟೂ ಇರಲಿಲ್ಲ.

ನಮ್ಮ ಬಾಡಿಗೆ ಖೋಲಿ ಇದ್ದದ್ದು ಒಂದು ವಾಡೆಯ, ನಾಲ್ಕಾರು ಬಿಡಾರದ ಹಳೆಯ ದೊಡ್ಡ ಮನೆಯ, ಮಾಳಿಗೆಯ ಮೇಲೆ. ಬಂದ ದಿನವೇ ಮಣ್ಣು ಕಲಸಿ ಒಲಿ ಹಾಕಿದೆ. ಅಡಿಗೆ ಮಾಡುವವಳು ಮೂಡಣಕ್ಕೆ ಮುಖ ಮಾಡಿ ಕೂಡಬೇಕು ಅಂತ ನಮ್ಮಲ್ಲಿ ಪದ್ಧತಿ. ಅದಕ್ಕೆ ಮೂಡಣದ ಗೋಡೆಗೆ ಹಚ್ಚಿಯೇ ಹಾಕಿದೆ. ಗೋಡೆಯ ಆಚೆ ಏನದ ಅಂತ ಕೇಳಬೇಕಿತ್ತು, ಕೇಳಲಿಲ್ಲ. ಆಚೆ ಇದ್ದದ್ದು ಮಾಲಕಿಣಿಯ ದೇವರ ಕೋಣೆ. ನಡುವಿನದು ಹಲಗೆಗೆ ಮಣ್ಣು ಮೆತ್ತಿದ ಗೋಡೆ. ಎರಡು ತಿಂಗಳಲ್ಲಿ ಬಿರುಕಿನಿಂದ ಹೊಗೆ ಹೋಗಿ ಅವರ ದೇವರ ಪಟಗಳೆಲ್ಲ ಮಸಿ ಹಿಡಿದವು. ಮಾಲಕಿಣಿ ಮೇಲೆ ಬಂದು, "ಚೂಲ ಮೋಡಾ, ನಾಹೀತರ ಖೋಲೀ ಸೋಡಾ" ಅಂದಳು. ಒಲಿ ಒಡೀರಿ, ಇಲ್ಲಾ ಖೋಲಿ ಬಿಡ್ರಿ. ಮಾಳಿಗೆ ಮೇಲೆ ಇನ್ನು ಕಟ್ಟಿಗೆ ಉರಿಸುವ ಮಾತೇ ಇಲ್ಲ ಅಂತ ಕಡ್ಡಿ ಮುರಿದ ಹಾಗೆ ಹೇಳಿದಳು. ಅವತ್ತೇ ಒಡೆದೆ.

ಮೂರನೆಯ ದಿನ, ಬುಧವಾರ, ಮಗನ ಸಂಸಾರ ನೋಡಲಿಕ್ಕೆ ಅತ್ತಿ ಬಂದರು. ಚೀಲ ಇಳಿಸುವ ಮೊದಲೇ ಗೋಡೆಯ ಕಪ್ಪು ನೋಡಿದರು.

"ಒಲಿ ಎಲ್ಲೆ ಅದ?"

"ಒಡದೇನ್ರಿ."

"ಒಲಿ ಇಲ್ಲದ ಖೋಲ್ಯಾಗ ನೀ ಏನ್ ಕಾಯ್ಕೋತ ಕೂತಿ? ನಾ ಸೋಮವಾರ ಹೊಂಟೇನಿ. ಅಷ್ಟರಾಗ ನನ್ನ ಮಗಗ ರೊಟ್ಟಿ ಆಗೋ ಬೆಂಕಿ ಮಾಡಿದಿ ಅಂದ್ರ ಇರು. ಇಲ್ಲಂದ್ರ ಗಂಟು ಕಟ್ಟು, ನನ್ನ ಕೂಡ ನಡಿ."

ಅಂದೇ ಸಂಜೆ ಇವರು ಹಿತ್ತಾಳೆಯ ಪಂಪಿನ ಸ್ಟೋ ತಂದರು. ಹೊಗೆ ಇಲ್ಲ, ಬೂದಿ ಇಲ್ಲ ಅಂತ ಅದನ್ನು ಪಂಚೆಯ ಚುಂಗಿನಿಂದ ಒರೆಸಿದ್ದೇ ಒರೆಸಿದ್ದು. ಗುರುವಾರ ಅದರ ಮೇಲೆ ಹಂಚಿಟ್ಟು ಜೋಳದ ರೊಟ್ಟಿ ಹಾಕಿದೆ. ಭರ್ ಅಂತ ಸಪ್ಪಳ ಮಾಡುತ್ತ ಉರಿ ಎಲ್ಲಾ ನಡುವೆಯೇ ಏಳುತ್ತಿತ್ತು. ರೊಟ್ಟಿ ನಡುವೆ ಕರಕು, ಸುತ್ತ ಹಸಿ. ಮೇಲೆ ಚಿಮಣಿ ಎಣ್ಣಿಯ ವಾಸನೆ. ಆ ಎಣ್ಣಿಗೂ ಆಗ ಪಾಳಿ ಹಚ್ಚಿ ನಿಲ್ಲಬೇಕಿತ್ತು.

ಅತ್ತಿ ರೊಟ್ಟಿ ಎತ್ತಿ ಹಿಡಿದು ನೋಡಿದರು. "ನಡುವಿಂದು ಕೊರದು ಒಗಿ. ಉಳದದ್ದು ಬಳಿ ಅಂತ ಕೈಗೆ ಹಾಕ್ಕೋ."

"ಸ್ಟೋದ ತೂತಿಗೆ ಪಿನ್ನು ಹಾಕಿದ್ರ ಸರಿ ಆಗ್ತದವ್ವಾ" ಅಂದರು ಇವರು.

"ನಿನ್ನ ತಲ್ಯಾಗ ಹಾಕ್ಕೋ ಆ ಪಿನ್ನು."

ನನಗೆ ಒಂದು ಕಡೆ ಕೂಡಲಿಕ್ಕಾಗಲಿಲ್ಲ. ನೀರು ತರುವ ನೆವ ಮಾಡಿ ಕೆಳಗೆ ಇಳಿಯುವುದು, ಮಂದಿ ಯಾತರ ಮೇಲೆ ಬೇಯಿಸುತ್ತಾರೆ ಅಂತ ಬಾಗಿಲಿಂದ ಬಾಗಿಲಿಗೆ ಇಣುಕುವುದು, ಮತ್ತೆ ಹತ್ತುವುದು. ಕೆಳಗಿನ ಮನೆಯ ಹೆಣ್ಣುಮಗಳು ಶೆಗಡಿಯ ಮೇಲೆ ಭಾಕರಿ, ಅಂದರೆ ಅವರ ರೊಟ್ಟಿ, ಮಾಡುತ್ತಿದ್ದಳು. ಕಬ್ಬಿಣದ ಬಕೀಟಿಗೆ ಒಳಗೆ ಮಣ್ಣು ಮೆತ್ತಿ, ನಡುವೆ ಜಾಳಿಗೆ ಇಟ್ಟದ್ದು. ಮೇಲೆ ಇದ್ದಿಲು, ಕೆಳಗೆ ಗಾಳಿ ಬೀಸಲಿಕ್ಕೆ ಕಿಂಡಿ. ಶುಕ್ರವಾರ ಅಂಥದ್ದೊಂದು ತರಿಸಿದೆ. ಹೊಗೆ ಹೋಗುವ ತನಕ ಅಂಗಳದಲ್ಲೇ ಇಟ್ಟು, ಕೆಂಡ ಕೆಂಪಾದ ಮೇಲೆ ಒಯ್ಯಿರಿ ಅಂತ ಮಾಲಕಿಣಿ ಒಪ್ಪಿದಳು.

ಖೋಲಿ ಉಳಿಯಿತು. ರೊಟ್ಟಿ ಏಳಲಿಲ್ಲ. ಕಟ್ಟಿಗೆ ಒಲಿಯಾದರೆ ಒಂದು ರೊಟ್ಟಿ ಹಂಚಿನ ಮೇಲೆ ಇರುವಾಗಲೇ ಇನ್ನೊಂದನ್ನು ಒಲಿಯ ಬಾಯಿಯ ಕೆಂಡಕ್ಕೆ ಆನಿಸಿ ನಿಲ್ಲಿಸುತ್ತೇವೆ, ಉಬ್ಬುತ್ತದ. ಶೆಗಡಿಯ ಮೇಲೆ ನಮ್ಮ ಅಗಲ ಹಂಚು ಕೂತರೆ ಬಾಯಿ ಪೂರಾ ಮುಚ್ಚಿ ಕೆಂಡವೇ ಕಾಣುವುದಿಲ್ಲ. ಹಂಚು ಕೆಳಗಿಟ್ಟು ರೊಟ್ಟಿಯನ್ನು ಕೆಂಡದ ಮೇಲೇ ಹಾಕಿದೆ. ಬೂದಿ ಮೆತ್ತಿಕೊಂಡಿತು, ತೆಗೆಯುವಾಗ ಹರಿಯಿತು. ಶನಿವಾರ ಹಾಗೇ ಆಯಿತು, ರವಿವಾರವೂ ಹಾಗೇ. ಅತ್ತಿ ಬೂದಿ ಊದಿ ಊದಿ ತಿಂದರು.

ಚಳಿಗಾಲ. ರವಿವಾರ ಊಟ ಆದ ಮೇಲೆ ಅತ್ತಿ ಕಿಟಕಿಯ ಹತ್ತಿರ ಕಾಲು ಚಾಚಿ ಕೂತರು.

"ಆ ಶೆಗಡಿ ಇತ್ತ ತಾ."

ಉಳಿದ ಕೆಂಡದ ಸಮೇತ ಒಯ್ದು ಇಟ್ಟೆ. ಸೀರೆ ನೋಯುವ ಮೊಣಕಾಲಿನ ಮೇಲಕ್ಕೆ ಸರಿಸಿ, ಎಣ್ಣಿ ತಿಕ್ಕಿಕೊಂಡು, ಶೆಗಡಿಯನ್ನು ಎರಡೂ ಕಾಲಿನ ನಡುವೆ ಎಳೆದುಕೊಂಡರು. ಧಾರವಾಡದ ಮನೆಯ ಒಲಿ ಮೂಲೆಯಲ್ಲಿ ಕೂತದ್ದು, ಸುತ್ತಲೂ ಸೊಸೆಯಂದಿರು. ಅಲ್ಲಿ ಕಾಲು ಚಾಚಿ ಯಾರು ಕೂಡಬೇಕು? ಇದು ಕರೆದಲ್ಲಿ ಬರುವ ಬೆಂಕಿ. ಸಂಜೆಯಾದರೂ ಬಿಡಲಿಲ್ಲ.

"ಅನ್ನಕ್ಕ ಇಡಬೇಕ್ರಿ" ಅಂದೆ.

"ಇಡು, ಸ್ಟೋ ಅದಲ್ಲ. ಇದ್ಕ ನಾಕು ಇದ್ದಿಲು ಹಾಕು."

ಸೋಮವಾರ ನಾನು ಗಂಟು ಕಟ್ಟಿ ಬಾಗಿಲ ಹತ್ತಿರ ಇಟ್ಟೆ. ಅಳಲಿಲ್ಲ; ಅತ್ತರೆ ಅದಕ್ಕೂ ಒಂದು ಮಾತು ಬರುತ್ತಿತ್ತು. ಅತ್ತಿ ಗಂಟು ನೋಡಿದರು, ಶೆಗಡಿ ನೋಡಿದರು.

"ಎರಡೂ ಸಂಭಾಳಿಸಿಕೋತ ರೈಲಿನ್ಯಾಗ ಹೋಗೂದು ನನ್ನ ಕೈಲೆ ಆಗೂದಿಲ್ಲ. ಗಂಟು ಬಿಚ್ಚು. ಶೆಗಡಿಗೆ ಗೋಣಿ ಸುತ್ತು."

"ಅವ್ವಾ, ಮತ್ತ ಇಕಿ ಯಾತರ ಮ್ಯಾಲ ಮಾಡಬೇಕು?" ಇವರು ಕೇಳಿದರು.

"ಅದು ಆಕಿ ನೋಡ್ಕೋತಾಳ."

ಅತ್ತಿ ಶೆಗಡಿ ಒಯ್ದ ಮರುದಿನ ಬೆಳಿಗ್ಗೆ ಇವರನ್ನು ಸ್ಟೋದ ಮುಂದೆ ಚಹಾಕ್ಕೆ ಕೂಡಿಸಿ, ಹಂಚು ಸೆರಗಿನಲ್ಲಿ ಸುತ್ತಿಕೊಂಡು ನಾನೇ ಪೇಟೆಗೆ ಹೋದೆ. ಅಂಗಡಿಯ ಶೆಗಡಿಗಳ ಮೇಲೆಲ್ಲ ಹಂಚು ಇಟ್ಟಿಟ್ಟು ನೋಡಿದೆ. ಅಂಗಡಿಯವ ಬೇಸತ್ತು ಬೇರೆ ಗಿರಾಕಿಯ ಕಡೆ ಹೋದ. ಹಂಚು ಕೂತ ಮೇಲೂ ಒಂದು ಬದಿಗೆ ರೊಟ್ಟಿ ಆನಿಸಲಿಕ್ಕೆ ನಾಲ್ಕು ಬೆರಳು ಕೆಂಡ ಕಾಣುವಂಥ ಅಗಲ ಬಾಯಿಯದನ್ನು ಆರಿಸಿ, ಟೊಂಕದ ಮೇಲೆ ಇಟ್ಟುಕೊಂಡು ಮನೆಗೆ ಬಂದೆ.