ಹುಳಿ ಸೋಕದ ಚಮಚ

ಹೊಟ್ಟೆ ಉರಿ ಅಂದರೆ ನಮ್ಮ ಕಡೆ ಜನ ನಗುತ್ತಾರೆ. "ಯಾರ ಮ್ಯಾಲವ್ವ?" ಅನ್ನುತ್ತಾರೆ. ನನ್ನದು ಯಾರ ಮೇಲಿನದೂ ಅಲ್ಲ, ನಿಜವಾದ ಉರಿ. ಉಂಡದ್ದೆಲ್ಲ ಎದೆಗೆ ಬರುತ್ತಿತ್ತು, ಹುಳಿ ತೇಗು ಗಂಟಲು ಸುಡುತ್ತಿತ್ತು. ಮದ್ದೂರಿನ ಮನೆಯಿಂದ ಮಂಡ್ಯದ ಕಚೇರಿಗೆ ಬಸ್ಸಿನಲ್ಲಿ ಓಡುವವಳು ನಾನು. ಬರಿ ಹೊಟ್ಟೆಗೆ ಕಾಫಿ, ಹೊತ್ತು ಮೀರಿ ಊಟ, ರಾತ್ರಿ ಖಾರದ ಬಸ್ಸಾರಲ್ಲಿ ಮುದ್ದೆ ನುಂಗಿ ಹಾಗೇ ಹಾಸಿಗೆ. ಇನ್ನೇನಾಗುತ್ತೆ ಮತ್ತೆ!

ಕೊನೆಗೆ ಅಣ್ಣನ ಹತ್ತಿರ ಹೋದೆ. ಅಣ್ಣ ಅಂದರೆ ದೊಡ್ಡಪ್ಪನ ಮಗ. ಅಪ್ಪ ಅವ್ವ ಹೋದ ಮೇಲೆ ನನಗೆ ತವರು ಅಂತ ಉಳಿದವನು ಅವನೊಬ್ಬನೇ. ಕಿರುಗಾವಲಿನಲ್ಲಿ ಆಯುರ್ವೇದದ ಔಷಧಿ ಕೊಡುತ್ತಿದ್ದ. ಪ್ರತಿ ಗೌರಿ ಹಬ್ಬಕ್ಕೂ ಬಾಗಿನದ ಮೊರ ಹಿಡಿದು, ಮಳವಳ್ಳಿಯಲ್ಲಿ ಬಸ್ಸು ಬದಲಿಸಿ ಬರುತ್ತಿದ್ದ. ಅವನು ಬಾಗಿಲಲ್ಲಿ ನಿಂತರೆ ನನಗೂ ಹುಟ್ಟಿದ ಮನೆ ಅಂತ ಒಂದಿದೆ ಅನ್ನಿಸುತ್ತಿತ್ತು.

ನಾಡಿ ಹಿಡಿದು ನೋಡಿದ. "ಪಿತ್ತ ನೆತ್ತಿಗೇರ್ಬುಟ್ಟದೆ ಕಣವ್ವ" ಎಂದು ನಕ್ಕ. ಕಾಫಿ ಬಿಡು, ಖಾರ ಬಿಡು, ದೀಪ ಹಚ್ಚುವ ಹೊತ್ತಿಗೆ ಉಂಡು ಒಂದಷ್ಟು ಅಡ್ಡಾಡು, ಬೆಳಗ್ಗೆ ಜೀರಿಗೆ ಕುದಿಸಿದ ನೀರು ಕುಡಿ ಎಂದ. ಆಮೇಲೆ ಒಂದು ಡಬ್ಬಿ ಪುಡಿ ಕೊಟ್ಟ. ಜೀರಿಗೆ, ಕೊತ್ತಂಬರಿ ಬೀಜ, ಸೋಂಪು ಹುರಿದು ಕುಟ್ಟಿದ್ದಂತೆ.

"ಒಂದ್ ಮಾತು. ಈ ಪುಡಿಗೆ ಉಳಿ ಸೋಕುಸ್ಬ್ಯಾಡ. ಮಜ್ಜಿಗೆ, ನಿಂಬೆಣ್ಣು, ಉಣ್ಸೆಣ್ಣು, ಯಾವ್ದೂ ಕೂಡ್ದು. ಸೋಕುದ್ರೆ ಸಕ್ತಿ ಒಂಟೋಯ್ತದೆ."

ಸರಿ, ಅದಕ್ಕೆಂದೇ ಬೇರೆ ಚಮಚ ಇಟ್ಟೆ. ಡಬ್ಬಿಯನ್ನು ದೇವರ ಗೂಡಿನ ಪಕ್ಕ ಇಟ್ಟೆ. ಹೊಟ್ಟೆಯೊಳಗೂ ಹುಳಿ ಸೋಕಬಾರದೆಂದು, ಮಾವಿನಕಾಯಿ ಕಾಲದಲ್ಲಿ ಬಾಯಲ್ಲಿ ನೀರೂರಿದರೂ ಒಂದು ಚೂರು ಮುಟ್ಟಲಿಲ್ಲ. ನನ್ನ ಗಂಡ ರೇಗಿಸುತ್ತಿದ್ದರು: "ನಿಮ್ಮಣ್ಣನ ಪುಡಿ ದೇವ್ರ ತೀರ್ಥ ಆಗೋಯ್ತಲ್ಲಮ್ಮಿ!" ಆಗಲಿ ಬಿಡಿ ಎಂದೆ. ಉರಿ ನಿಜಕ್ಕೂ ಇಳಿದಿತ್ತು. ಕಂಡವರ ಮುಂದೆಲ್ಲ ಅಣ್ಣನನ್ನು ಹೊಗಳುತ್ತಿದ್ದೆ.

ಕೆಲವು ವರ್ಷ ಹೀಗೇ ಹೋಯಿತು. ಆಮೇಲೆ ಕಾಲು ಊದತೊಡಗಿತು. ಸಂಜೆ ಚಪ್ಪಲಿ ಬಿಚ್ಚಿದರೆ ಪಾದದ ಮೇಲೆ ಪಟ್ಟಿಯ ಗುರುತು ಹಾಗೇ ಕೂತಿರುತ್ತಿತ್ತು. ಮಂಡ್ಯದ ಡಾಕ್ಟರು ಬಿಪಿ ನೋಡಿ ಹುಬ್ಬೇರಿಸಿದರು. "ಉಪ್ಪು ಜಾಸ್ತಿ ತಿಂತೀರೇನಮ್ಮ? ಬೇರೆ ಏನಾದ್ರೂ ಔಷಧಿ ತಗೋತಿದ್ದೀರಾ?" ಇಲ್ಲ ಎಂದೆ. ಇಂಗ್ಲಿಷ್ ಔಷಧಿಯ ಡಾಕ್ಟರ ಮುಂದೆ ಒಡಹುಟ್ಟಿದವನಂಥ ಅಣ್ಣನನ್ನು ಬಿಟ್ಟುಕೊಡುವುದುಂಟೆ? ಮನೆಗೆ ಬಂದು ಉಪ್ಸಾರಿಗೂ ಉಪ್ಪು ಹಾಕದೆ ಸಪ್ಪೆ ತಿಂದೆ. ಊತ ಮಾತ್ರ ಇಳಿಯಲಿಲ್ಲ.

ಈ ಸಲ ಗೌರಿ ಹಬ್ಬದ ಹಿಂದಿನ ದಿನ ಪುಳಿಯೋಗರೆ ಗೊಜ್ಜಿಗೆ ಹುಣಸೆಹಣ್ಣು ಕಿವುಚಿಟ್ಟಿದ್ದೆ. ನಾನು ತಿನ್ನುವ ಹಾಗಿಲ್ಲ, ಅಣ್ಣನಿಗೆ ಇಷ್ಟ ಅಂತ. ಪುಡಿ ತೆಗೆದುಕೊಳ್ಳುವಾಗ ಕೈ ಜಾರಿ ಚಮಚ ಪುಡಿ ಸಮೇತ ಆ ರಸದೊಳಕ್ಕೆ ಬಿತ್ತು. ಬುಸ್ಸೆಂದು ನೊರೆ ಎದ್ದಿತು. ಅಯ್ಯೋ ಶಕ್ತಿ ಹೋಯಿತಲ್ಲ ಎಂದೇ ಮೊದಲು ಅನ್ನಿಸಿದ್ದು, ನೋಡಿ ನನ್ನ ಪೆದ್ದುತನ! ಮರುಗಳಿಗೆಗೆ ತಲೆ ಓಡಿತು. ಬಜ್ಜಿ ಹಿಟ್ಟಿಗೆ ಹಾಕುವ ಸೋಡಾ ಪೊಟ್ಟಣ ತೆಗೆದು ನಾಲಿಗೆಗೆ ಇಟ್ಟೆ, ಆಮೇಲೆ ಪುಡಿ ಇಟ್ಟೆ. ಜೀರಿಗೆಯ ವಾಸನೆಯ ಕೆಳಗೆ ಅದೇ ರುಚಿ. ಡಾಕ್ಟರಿಗೆ ಫೋನು ಮಾಡಿ ಎಲ್ಲ ಹೇಳಿದೆ. "ಸೋಡಾನೂ ಉಪ್ಪಿನ ಜಾತಿನೇ ಕಣಮ್ಮ. ಇವತ್ತೇ ನಿಲ್ಸಿ" ಎಂದರು.

ಹಬ್ಬದ ದಿನ ಅಣ್ಣ ಬಂದ. ಮೊರದಲ್ಲಿ ಬಳೆ, ಅರಿಶಿನ ಕುಂಕುಮ, ರವಿಕೆ ಕಣ, ಪಕ್ಕದಲ್ಲಿ ಹೊಸ ಡಬ್ಬಿ. ನಾನು ಹುಣಸೆ ರಸದ ಬಟ್ಟಲು ತಂದು ಅವನ ಮುಂದಿಟ್ಟು ಡಬ್ಬಿಯ ಮುಚ್ಚಳ ತೆಗೆದೆ.

"ಏಯ್, ಉಳಿ ಸೋಕುಸ್ಬ್ಯಾಡ ಕಣವ್ವ!"

ಸುರಿದೆ. ನೊರೆ ಉಕ್ಕಿ ನೆಲಕ್ಕಿಳಿಯಿತು. ಅವನು ಟವೆಲಿನಿಂದ ಮುಖ ಒರೆಸಿಕೊಂಡ.

"ಒಸಿ ಸೋಡಾ ಆಕ್ತೀನಿ. ಎಲ್ರೂ ಆಕ್ತಾರೆ. ನಿಂಗೆ ಉರಿ ನಿಂತದೋ ಇಲ್ವೋ?"

"ಉರಿ ನಿಂತಿದ್ದು ನಾನು ಬಾಯಿ ಕಟ್ಟಿದ್ಕೆ. ಕಾಲು ಊದಿದ್ದು ನಿನ್ನಿಂದ. ಊರೋರ್ಗೆ ಆಕ್ದೆ, ಆಯ್ತು. ನಂಗೂ ಆಕ್ದಲ್ಲಣ್ಣ?"

ಅವನು ಎದ್ದ. ಬಾಗಿಲ ಹತ್ತಿರ ಹೋಗಿ ತಿರುಗಿ ನಿಂತ. ಕಾಲು ಹೇಗಿದೆ ಎಂದು ಕೇಳುತ್ತಾನೆ ಅಂದುಕೊಂಡೆ. ಕೇಳಿದ್ದರೆ ಅಲ್ಲೇ ಕ್ಷಮಿಸಿ, ಕೈ ಹಿಡಿದು ಎಲೆಯ ಮುಂದೆ ಕೂರಿಸುತ್ತಿದ್ದೆ.

"ಕಿರುಗಾವ್ಲಲ್ಲಿ ಯಾರ್ಗೂ ಯೋಳ್ಬ್ಯಾಡ ಕಣವ್ವ" ಎಂದ. ಬಸ್‌ಸ್ಟ್ಯಾಂಡಿನ ಕಡೆ ನಡೆದುಬಿಟ್ಟ.

ಅವನಿಗೆಂದು ಕಲಸಿದ್ದ ಪುಳಿಯೋಗರೆಯನ್ನು ನಾನೇ ಬಡಿಸಿಕೊಂಡು ತಿಂದೆ. ಹೊಟ್ಟೆ ಉರಿಯಿತು. ಈಗ ಕೇಳಿ, ಯಾರ ಮೇಲೆ ಅಂತ.